ಚಿನ್ನದ ಬಿಲ್ಲೆಯ ಮೇಲಿನ ಲವಂಗ

“ಎಪ್ಪತ್ತೇಳು!” ಎಂದಳು ಗುಬ್ಬಚ್ಚಿ. “ನೋಡಿ ಮೇಡಂ, ಎಪ್ಪತ್ತೇಳು. ನಾನು ಹೇಳಿರ್ಲಿಲ್ವಾ?”

ಇನ್‌ಸ್ಪೆಕ್ಟರ್ ಪರದೆಯ ಕಡೆ ಬಗ್ಗಿ ನೋಡಿದಳು. ಕಪ್ಪು ಪರದೆಯ ನಡುವೆ ಒಂದೇ ಒಂದು ಬಿಳಿ ಗೆರೆ ನೆಟ್ಟಗೆ ಎದ್ದು ನಿಂತಿತ್ತು. ಅದರ ಬುಡದಲ್ಲಿ ಒಂದು ಅಂಕಿ. ಹದಿನೇಳು ವರ್ಷದ ನೌಕರಿಯಲ್ಲಿ ಅವಳು ಒಡೆದ ಬೀಗ ನೋಡಿದ್ದಳು, ಕಳ್ಳ ಸಹಿ ನೋಡಿದ್ದಳು, ಒಗೆದರೂ ಹೋಗದ ರಕ್ತದ ಕಲೆ ನೋಡಿದ್ದಳು. ಒಬ್ಬ ಹುಡುಗಿಯ ಬಾಳು ಇಷ್ಟು ಸಣ್ಣ ಗೆರೆಗೆ ಜೋತುಬಿದ್ದದ್ದನ್ನು ನೋಡುತ್ತಿರುವುದು ಇದೇ ಮೊದಲು.

ಹೋದ ಗುರುವಾರ ಈ ಪ್ರಯೋಗಶಾಲೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡಕ್ಕ, ಪಕ್ಕದ ನೈಟ್ರೋಜನ್ ಕೋಣೆಯಲ್ಲಿ ಉಸಿರುಗಟ್ಟಿ ಬಿದ್ದಿದ್ದರು. ನೈಟ್ರೋಜನ್ ಸೋರಿ ಉಸಿರಾಡುವ ಗಾಳಿ ಕಡಿಮೆಯಾದೊಡನೆ ಅರಚಿಕೊಳ್ಳಬೇಕಿದ್ದ ಎಚ್ಚರಿಕೆ ಗಂಟೆಯನ್ನು ಯಾರೋ ಮೊದಲೇ ಆರಿಸಿಟ್ಟಿದ್ದರು. ದೊಡ್ಡಕ್ಕನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಶುಕ್ರವಾರ ಅವರ ಪ್ರಯೋಗದ ಚಿನ್ನದ ಬಿಲ್ಲೆ, ಇರಬಾರದ ಜಾಗದಲ್ಲಿ, ಅವರ ಶಿಷ್ಯೆ ಗುಬ್ಬಚ್ಚಿಯ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತ್ತು.

ಇವತ್ತು ಸೋಮವಾರ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಐದು ಗಂಟೆಗೆ ಗುಬ್ಬಚ್ಚಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಅವಳು ಮನೆಗೆ ಹೋಗುವುದಿಲ್ಲ.

“ದಫೇದಾರ್ರೇ, ಎಲ್ಲಾ ರೆಕಾರ್ಡ್ ಆಗ್ತಿದೆಯಾ?”

“ಆಗ್ತಿದೆ ಮೇಡಂ. ಗೆರೇನೂ ಬಂತು, ಹುಡುಗಿ ಕಣ್ಣೀರೂ ಬಂತು,” ಎಂದ ದಫೇದಾರ, ಎರಡೂ ಕೈಯಲ್ಲಿ ತನ್ನ ಮೊಬೈಲನ್ನು ಆರತಿ ತಟ್ಟೆಯ ಹಾಗೆ ಹಿಡಿದು. “ನನಗೆ ಅರ್ಥ ಆಗೋದೊಂದು ಬಾಕಿ.”

ಎತ್ತರದ ಸ್ಟೂಲಿನ ತುದಿಯಲ್ಲಿ ಕೂತು ಕಾಲು ತೂಗಾಡಿಸುತ್ತಿದ್ದ ಆ ಸಣ್ಣ ಮೈಯ ಹುಡುಗಿಯನ್ನು ನೋಡಿದರೆ ಗುಬ್ಬಚ್ಚಿ ಎಂದು ಹೆಸರಿಟ್ಟವರ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ನಕ್ಕಳು. ನಾಲ್ಕು ದಿನದಲ್ಲಿ ಅದು ಮೊದಲ ನಗು.

“ನಕ್ಷತ್ರ ನಕ್ಷತ್ರದ ಮಧ್ಯೆ ಬರೀ ಖಾಲಿ ಅಂದ್ಕೋತೀವಲ್ಲ, ಹಾಗಿಲ್ಲ ಸಾರ್. ಅಲ್ಲಲ್ಲಿ ಕಪ್ಪು ಮೋಡಗಳಿರ್ತವೆ. ಹೊಗೆಗಿಂತ ಸಣ್ಣ ಧೂಳು. ಒಂದೊಂದು ಕಣದ ಮೇಲೂ ಮಂಜುಗಡ್ಡೆ ಪದರ. ಆ ಚಳೀಲಿ ಅಣುಗಳು ಅಲ್ಲೇ ಕಚ್ಕೊಂಡು ಕೂತಿರ್ತವೆ. ನಕ್ಷತ್ರದ ಬೆಳಕು ಬಿದ್ದಾಗ ಮುರಿದು, ಪಕ್ಕದವರ ಜೊತೆ ಸೇರಿ, ಹೊಸ ಅಣು ಆಗ್ತವೆ. ನಮ್ಮ ಮೈ ಕಟ್ಟೋ ವಸ್ತುವಿನ ಮೊದಲ ತುಣುಕು ಅಲ್ಲೇ ಹುಟ್ಟಿರಬಹುದು ಅಂತಾರೆ ದೊಡ್ಡಕ್ಕ.”

“ಹಂಗಂದ್ರೆ ನಮ್ಮೆಲ್ಲರ ತವರುಮನೆ ಅಲ್ಲೇ ಅನ್ನು.”

“ಹೂಂ ಸಾರ್. ಆ ತವರುಮನೇನೇ ನಾವಿಲ್ಲಿ ಈ ಡಬ್ಬದೊಳಗೆ ಮಾಡೋದು.”

ಡಬ್ಬ ಎಂದರೆ ಮೇಜಿನಷ್ಟು ದೊಡ್ಡ ಉಕ್ಕಿನ ಪಾತ್ರೆ. ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಅಂಗಿಯ ಗುಂಡಿಯಷ್ಟಗಲದ ಚಿನ್ನದ ಬಿಲ್ಲೆಯೊಂದನ್ನು ಊಹಿಸಲೂ ಆಗದಷ್ಟು ತಣ್ಣಗೆ ಮಾಡಿ, ಅದರ ಮೇಲೆ ನೀರಾವಿ, ಅಮೋನಿಯ, ಮೆಥನಾಲ್ ಆವಿಗಳನ್ನು ಪದರ ಪದರವಾಗಿ ಹೆಪ್ಪುಗಟ್ಟಿಸಿ, ನಕ್ಷತ್ರದ ಬದಲು ಒಂದು ದೀಪದ ಬೆಳಕು ಬಿಡುವುದು. ವಾರಗಟ್ಟಲೆ ಕಾದು, ಬಿಲ್ಲೆಯನ್ನು ಬೆಚ್ಚಗೆ ಮಾಡಿದರೆ ಕಣ್ಣಿಗೆ ಕಂಡೂ ಕಾಣದ ಕಂದು ಪೊರೆಯೊಂದು ಉಳಿಯುತ್ತದೆ. ಈ ಬಿಲ್ಲೆಯ ಪೊರೆಯಲ್ಲಿ ಗ್ಲೈಸೀನ್ ಇತ್ತು. ಜೀವದ ಇಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಸಣ್ಣ ಇಟ್ಟಿಗೆ.

ಜಗಳ ಅಲ್ಲೇ ಇತ್ತು. ಪ್ರಯೋಗಶಾಲೆಯ ಉಪಮುಖ್ಯಸ್ಥರು ಬಾಗಿಲ ಹಿಡಿಯನ್ನೂ ರಬ್ಬರ್ ಗ್ಲೌಸ್ ಹಾಕಿಕೊಂಡೇ ಮುಟ್ಟುವವರು; ಅದಕ್ಕೇ ಅವರಿಗೆ ಗ್ಲೌಸ್ ಸಾಹೇಬರು ಎಂದು ಹೆಸರು. ಅವರು ಶುಕ್ರವಾರವೇ ಹೇಳಿಕೆ ಕೊಟ್ಟಿದ್ದರು: “ಗ್ಲೈಸೀನ್ ಬಾಟಲಿ ನಮ್ಮ ಬೀರುವಿನಲ್ಲೇ ಇದೆ. ಈ ಹುಡುಗಿ ಚಿಟಿಕೆ ತೆಗೆದು ಸವರಿದಾಳೆ. ದೊಡ್ಡಕ್ಕನಿಗೆ ಮೋಸ ಗೊತ್ತಾಗಿದೆ. ಅವರ ಬಾಯಿ ಮುಚ್ಚಿಸೋಕೆ ಗಂಟೆ ಆರಿಸಿದಾಳೆ.”

“ಬಾಟಲಿಯದಾಗಿದ್ರೆ ತೂಕ ಎಪ್ಪತ್ತೈದು ಬರಬೇಕಿತ್ತು,” ಎಂದಳು ಗುಬ್ಬಚ್ಚಿ. “ಈ ಸಲ ದೊಡ್ಡಕ್ಕ ಬೇರೆ ಥರ ಮಾಡಿಸಿದ್ರು. ಮೆಥನಾಲ್‌ನಲ್ಲಿ ಮಾಮೂಲಿ ಇಂಗಾಲ ಬೇಡ, ಒಂದು ಅಂಶ ಹೆಚ್ಚು ಭಾರ ಇರೋ ಇಂಗಾಲ ಹಾಕು ಅಂದ್ರು. ಒಂದು ಗ್ಲೈಸೀನಲ್ಲಿ ಎರಡು ಇಂಗಾಲ. ಡಬ್ಬದೊಳಗೇ ಹುಟ್ಟಿದ್ದಾದ್ರೆ ಎರಡು ಭಾರ ಹೆಚ್ಚು. ಎಪ್ಪತ್ತೇಳು.”

“ಶಾಲೇಲಿ ಎಲ್ಲ ಮಕ್ಕಳ ಕಾಲುಚೀಲಾನೂ ಬಿಳಿ,” ಎಂದಳು ಇನ್‌ಸ್ಪೆಕ್ಟರ್ ನಿಧಾನವಾಗಿ. “ಅದಕ್ಕೆ ನಾನು ನನ್ನ ಮಗಳದಕ್ಕೆ ಒಳಗಡೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿರ್ತೀನಿ. ಹಂಗೆ?”

“ಅದೇ ಮೇಡಂ! ಅಷ್ಟೇ!”

“ಈ ಹೊಲಿಗೆ ವಿಷಯ ಗ್ಲೌಸ್ ಸಾಹೇಬರಿಗೆ ಗೊತ್ತಿರ್ಲಿಲ್ವಾ?”

“ಆ ತಿಂಗಳು ಅವರು ರಜೆ. ದೊಡ್ಡಕ್ಕ, ನಾನು, ಇಬ್ರೇ ಮಾಡಿದ್ದು.”

ಬೆಳಿಗ್ಗೆ ಮಗಳ ಲೆಕ್ಕದ ಪುಸ್ತಕ ಹುಡುಕುವುದರಲ್ಲಿ ತಿಂಡಿ ಬಿಟ್ಟು ಬಂದಿದ್ದ ಇನ್‌ಸ್ಪೆಕ್ಟರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ದೊಡ್ಡಕ್ಕ, ಮುಂದೆ ಏನೋ ಆದೀತೆಂಬ ಯೋಚನೆಯೇ ಇಲ್ಲದೆ, ಬರೀ ಕೆಲಸದ ಶಿಸ್ತಿಗೆಂದು ಹಾಕಿದ ಎರಡು ಹೊಲಿಗೆ ಇವತ್ತು ಶಿಷ್ಯೆಯ ಕೈ ಹಿಡಿದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಆ ಹೆಂಗಸಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಆದರೆ ಪೊಲೀಸ್ ಬುದ್ಧಿ ಸುಮ್ಮನೆ ಕೂರುವುದಿಲ್ಲವಲ್ಲ.

“ಗುಬ್ಬಚ್ಚಿ, ನೀನು ಚುಚ್ಚಿದ್ದು ಬಿಲ್ಲೆಯ ನಡುವೆ. ಅಂಚಲ್ಲೂ ಒಂದು ಸಲ ಚುಚ್ಚಮ್ಮ.”

“ಅಂಚಲ್ಲಿ ಏನೂ ಇರಲ್ಲ ಮೇಡಂ. ಅದು ಹಿಡ್ಕೊಳ್ಳೋ ಜಾಗ.”

“ಅದಕ್ಕೇ ಹೇಳಿದ್ದು.”

ಪರದೆಗೆ ಜೋಡಿಸಿದ್ದ ತೂಗುವ ಯಂತ್ರದಲ್ಲಿ ಒಂದು ಲೇಸರ್. ಸೂಜಿಮೊನೆಯಷ್ಟು ಜಾಗದಿಂದ ಅಣುಗಳನ್ನು ಕಿತ್ತು ಮೇಲೆಬ್ಬಿಸುತ್ತದೆ, ಯಂತ್ರ ಒಂದೊಂದನ್ನೂ ತೂಗುತ್ತದೆ. ಬಿಲ್ಲೆ ಒಳಗೆ ಕೂದಲೆಳೆಯಷ್ಟು ಸರಿಯಿತು. ಟಿಕ್ ಎಂದಿತು.

ಈ ಸಲ ಒಂದು ಗೆರೆಯಲ್ಲ, ಗೆರೆಗಳ ಕಾಡೇ ಎದ್ದು ನಿಂತಿತು.

ಗುಬ್ಬಚ್ಚಿ ತೂಗಾಡಿಸುತ್ತಿದ್ದ ಕಾಲನ್ನು ನಿಲ್ಲಿಸಿದಳು. “ಎಪ್ಪತ್ತೈದು. ನೂರೈದು. ಇದು... ಇದು ಬಾಟಲಿಯದಲ್ಲ, ಇಷ್ಟೆಲ್ಲ ಒಟ್ಟಿಗೆ ಬರೋದು ಬೆವರಲ್ಲಿ ಮೇಡಂ. ಯಾರೋ ಬರಿಗೈಲಿ ಹಿಡಿದಿದಾರೆ.”

“ನೀನಲ್ಲ ತಾನೆ?”

“ನಾನಾ?” ಬೈಸಿಕೊಂಡವಳ ಹಾಗೆ ಅವಳ ಮುಖ ಕೆಂಪಾಯಿತು. “ಇಲ್ಲಿ ಬಿಲ್ಲೆನ ಬರಿಗೈಲಿ ಮುಟ್ಟೋದು ಅಂದ್ರೆ ಡಾಕ್ಟ್ರು ಕೈ ತೊಳೀದೆ ಹೊಟ್ಟೆ ಕುಯ್ದ ಹಾಗೆ. ನಿದ್ದೇಲೂ ಮುಟ್ಟಲ್ಲ.”

“ದಫೇದಾರ್ರೇ, ಡ್ರಾಯರಿಂದ ಇದನ್ನ ಎತ್ತಿದ್ದು ನೀವು. ಗ್ಲೌಸ್ ಹಾಕಿದ್ರಿ ಅಲ್ವಾ?”

“ಹಾಕಿದ್ದೆ ಮೇಡಂ. ಗ್ಲೌಸು, ಚಿಮಟ, ಎರಡೂ. ನೀವೇ ಪಕ್ಕದಲ್ಲಿ ನಿಂತಿದ್ರಿ. ಫೋಟೋನೂ ಇದೆ.”

ನಿಜ. ಅವಳೇ ನೋಡಿದ್ದಳು. ಹಾಗಾದರೆ ಬರಿಗೈಯವನು ಬಿಲ್ಲೆಯನ್ನು ಮುಟ್ಟಿದ್ದು ಡ್ರಾಯರಿಗೆ ಇಡುವಾಗ.

“ಉಳಿದ ಗೆರೆಗಳು ಏನು?”

ಗುಬ್ಬಚ್ಚಿ ಕಂಪ್ಯೂಟರಿನ ಪಟ್ಟಿಯೊಂದಿಗೆ ಹೋಲಿಸುತ್ತ ಹೋದಳು. “ಈ ಉದ್ದುದ್ದ ಸರಪಳಿಗಳೆಲ್ಲ ಮೇಣ. ಜೇನುಮೇಣ. ಬೆರಳಿಗೆ ಏನೋ ಮುಲಾಮು ಹಚ್ಕೊಂಡಿದ್ದ ಅನ್ಸತ್ತೆ. ಆ ಮೇಣದೊಳಗೆ ಸಿಕ್ಕಾಕ್ಕೊಂಡು ಇನ್ನೊಂದಿದೆ, ನೂರ ಅರವತ್ನಾಲ್ಕು...” ಪಟ್ಟಿ ನಿಂತಿತು. “ಲವಂಗದ ಎಣ್ಣೆ ಮೇಡಂ.”

ಇನ್‌ಸ್ಪೆಕ್ಟರ್ ಪರದೆಯಿಂದ ಹಿಂದೆ ಸರಿದಳು.

ಅವಳ ಎಡಗೈ ತಾನಾಗಿ ಜೇಬಿಗಿಳಿದು ಕೀಗೊಂಚಲನ್ನು ಹಿಡಿದುಕೊಂಡಿತು. ಆ ಗೊಂಚಲಿನಲ್ಲಿ, ಮನೆಯ ಕೀಲಿ ಜೀಪಿನ ಕೀಲಿಗಳ ನಡುವೆ, ಎರಡೂ ಕಡೆ ಕರಗಿಸಿ ಮುಚ್ಚಿದ ಕಿರುಬೆರಳುದ್ದದ ಗಾಜಿನ ಕೊಳವೆಯೊಂದಿತ್ತು. ಅದರೊಳಗೆ ಒಂದು ಹಾಲುಹಲ್ಲು. ಅವಳದೇ.

ಇದೇ ಕಟ್ಟಡದ ಕಾರಿಡಾರುಗಳನ್ನು ಅವಳ ಅಮ್ಮ ಇಪ್ಪತ್ತೆಂಟು ವರ್ಷ ಒರೆಸಿದ್ದಳು. ಶಾಲೆ ಬಿಟ್ಟ ಮೇಲೆ ಮಗಳನ್ನು ಕೂರಿಸಲು ಜಾಗವಿಲ್ಲದಾಗ, ಕೆಳಗಿನ ಗಾಜಿನ ವರ್ಕ್‌ಶಾಪಿನವನು “ಇಲ್ಲಿ ಕೂರ್ಲಿ ಬಿಡಮ್ಮ, ಬೆಂಕಿ ಹತ್ರ ಬೆಚ್ಚಗಿರ್ತಾಳೆ” ಎಂದಿದ್ದ. ಅವನ ಬೆಂಚಿನ ಪಕ್ಕ ಕೂತು ಅವಳು ಮಗ್ಗಿ ಕಲಿತಳು, ಓದು ಕಲಿತಳು. ಬಿದ್ದ ಹಲ್ಲನ್ನು ಹಿಡಿದು ಅಳುತ್ತಿದ್ದ ದಿನ ಅವನು ಅದನ್ನು ಗಾಜಿನಲ್ಲಿಟ್ಟು ಮುಚ್ಚಿ, “ಇನ್ನು ಇದು ಯಾವತ್ತೂ ಕಳೆಯಲ್ಲ ತಗೋ” ಎಂದ. ಗಾಜಿನ ತಾತ. ಇವತ್ತಿಗೂ ಅಲ್ಲೇ ಇದ್ದ.

ಅವನ ಬೆರಳು ಸದಾ ಬೆಂಕಿಗೆ ಒಣಗಿ ಬಿರಿಯುತ್ತವೆಂದು, ಅಮ್ಮ ಈಗ ಒಂದು ವರ್ಷದಿಂದ ತಿಂಗಳಿಗೊಂದು ಪುಟ್ಟ ಡಬ್ಬಿ ಮುಲಾಮು ಕಾಸುತ್ತಿದ್ದಳು. ಕೊಂಡೊಯ್ದು ಕೊಡುವವಳು ಇನ್‌ಸ್ಪೆಕ್ಟರೇ. ಅಮ್ಮನ ಕೈಯ ಆ ಮುಲಾಮು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಬೇರೆ ಯಾರಿಗೂ ಅವಳು ಕೊಟ್ಟದ್ದಿಲ್ಲ.

ಜೇನುಮೇಣ. ಲವಂಗದ ಎಣ್ಣೆ.

ಮತ್ತು ಈ ಇಡೀ ಕಟ್ಟಡದಲ್ಲಿ ಯಾವತ್ತೂ ಗ್ಲೌಸ್ ಹಾಕದೆ ಕೆಲಸ ಮಾಡುವವನು ಒಬ್ಬನೇ ಒಬ್ಬ.

“ಯಾರು ಅಂತ ಹೊಳೀತಾ ಮೇಡಂ?” ದಫೇದಾರ ಕೇಳಿದ. ಮೊಬೈಲನ್ನು ಪ್ಯಾಂಟಿನ ಜೇಬಿಗೆ ಸೇರಿಸಿ, ಕೈಯನ್ನೂ ಅಲ್ಲೇ ಬಿಟ್ಟಿದ್ದ.

“ಇಲ್ಲ. ಒಂದು ಮಾತು ಕೇಳ್ಕೊಂಡು ಬರ್ತೀನಿ. ನೋಡಿ, ಆ ವಿಡಿಯೊ ಒಂದೇ ಸಾಲಲ್ಲ. ಹೊರಗಿನ ಲ್ಯಾಬಿನವರು ಇದೇ ಬಿಲ್ಲೆನ ಇನ್ನೊಂದು ಸಲ ನೋಡಿ ಹೌದು ಅನ್ನಬೇಕು. ಅಲ್ಲಿವರೆಗೆ ಅದಕ್ಕೆ ಯಾರ ಕೈಯೂ ತಾಗಬಾರದು. ಯಾರಾದ್ರೂ ಒಂದು ಸಲ ಒರೆಸಿದ್ರೆ ಈ ಹುಡುಗಿ ಕಥೆ ಮುಗೀತು. ಹುಡುಗೀನೂ ಬಿಲ್ಲೆನೂ ನಿಮ್ಮ ಸುಪರ್ದಿ.”

“ನೊಣಾನೂ ಒಳಗೆ ಬಿಡಲ್ಲ ಮೇಡಂ. ಗ್ಲೌಸ್ ಹಾಕ್ಕೊಂಡು ಬಂದ ನೊಣಾನೂ.”

ಅಷ್ಟು ಕಷ್ಟದಲ್ಲೂ ಅವಳಿಗೆ ನಗು ಬಂತು. ಈ ಮನುಷ್ಯನಿಲ್ಲದಿದ್ದರೆ ಅವಳ ಹನ್ನೊಂದು ವರ್ಷ ಹೇಗೆ ಸಾಗುತ್ತಿತ್ತೋ. ಮಗಳಿಗೆ ಜ್ವರ ಏರಿದಾಗ ಠಾಣೆಯ ಜೀಪು ಓಡಿಸಿಕೊಂಡು ಬಂದವನು ಅವನು. ಅವಳು ತಿಂಡಿ ಬಿಟ್ಟ ದಿನ ಕೇಳದೆಯೇ ಟೀ, ಬನ್ನು ತಂದಿಡುವವನು ಅವನು. ಇವತ್ತೂ ತಂದಿದ್ದ. ಖಾಲಿ ಲೋಟ ಇನ್ನೂ ಕಿಟಕಿಯ ಮೇಲಿತ್ತು. ಸ್ಟಿಯರಿಂಗ್ ಹಿಡಿದು ಹಿಡಿದು ಒಡೆದಿರುತ್ತಿದ್ದ ಅವನ ಕೈ ಈಚೆಗೆ ನುಣ್ಣಗಾಗಿದೆಯೆಂದು ಬೆಳಿಗ್ಗೆ ಜೀಪಿನಲ್ಲಿ ರೇಗಿಸಿದ್ದಕ್ಕೆ, “ಹೆಂಡ್ತಿ ಪಾತ್ರೆ ತೊಳೆಯೋದ್ರಿಂದ ಬಿಡುಗಡೆ ಕೊಟ್ಟಿದಾಳೆ ಮೇಡಂ, ಅದಕ್ಕೆ” ಎಂದು ಅವಳನ್ನು ನಗಿಸಿದ್ದ.

“ನೀವಿದೀರಿ ಅಂತಾನೇ ನಾನು ಧೈರ್ಯವಾಗಿ ಹೋಗ್ತಿರೋದು,” ಎಂದಳು. ಮನಸ್ಸಿನಿಂದಲೇ ಎಂದಳು.

“ಮೇಡಂ, ಮೂರು ಗಂಟೆಗೆ ಯಂತ್ರಕ್ಕೆ ನೈಟ್ರೋಜನ್ ತುಂಬಬೇಕು,” ಎಂದಳು ಗುಬ್ಬಚ್ಚಿ. “ಇಲ್ದಿದ್ರೆ ಬೆಚ್ಚಗಾಗಿ ಒಳಗಿರೋದೆಲ್ಲ ಹಾಳಾಗತ್ತೆ. ಪಕ್ಕದ ಕೋಣೆಗೆ ಹೋಗ್ಬಹುದಾ?”

“ಆ ಕೋಣೆಗಾ?”

“ಈಗ ಗಂಟೆ ಸರಿ ಮಾಡಿದಾರೆ. ಬಾಗಿಲ ಮೇಲೆ ಹಸಿರು ದೀಪ ಉರೀತಿದೆ ನೋಡಿ. ಅದು ಉರೀತಿದ್ರೆ ಗಂಟೆ ಎಚ್ಚರವಾಗಿದೆ ಅಂತ. ಭಯ ಇಲ್ಲ.”

“ಹೋಗು. ದಫೇದಾರ್ರು ಬಾಗಿಲಲ್ಲೇ ಇರ್ತಾರೆ.”

*

ಗಾಜಿನ ವರ್ಕ್‌ಶಾಪು ಕೆಳಗೆ, ಅಂಗಳದ ಆಚೆ. ಅವಳು ಅಂಗಳವನ್ನು ಎಷ್ಟು ನಿಧಾನವಾಗಿ ದಾಟಿದಳೆಂದರೆ, ಎದುರಿಗೆ ಬಂದ ತೋಟದವನು “ಕಾಲು ನೋವಾ ಅಮ್ಮಾ?” ಎಂದು ಕೇಳಿದ.

ಕಾಲು ನೋವಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು. ಅನ್ನ ಹಾಕಿದ ಮನೆಯ ಬಾಗಿಲನ್ನು ಲಾಠಿಯಿಂದ ತಟ್ಟುವುದು ಹೇಗೆ.

ಒಳಗೆ ಹಳೆಯ ವಾಸನೆಯೇ: ಬಿಸಿ ಗಾಜು, ಅನಿಲ, ಸುಟ್ಟ ಧೂಳು. ಕಿಟಕಿಗೆ ಒತ್ತಿದ ಅದೇ ಬೆಂಚು. ತಾತ ಗುಲಾಬಿ ಗಾಜಿನ ಕನ್ನಡಕ ಹಾಕಿಕೊಂಡು, ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿಕೊಂಡು, ಜ್ವಾಲೆಯ ಮುಂದೆ ಗಾಜಿನ ಕೊಳವೆಯನ್ನು ತಿರುಗಿಸುತ್ತಿದ್ದ. ಕೊಳವೆಯ ತುದಿ ಕೆಂಡವಾಗಿ, ಮೆತ್ತಗಾಗಿ, ಅವನ ಒಂದೇ ಉಸಿರಿಗೆ ದುಂಡಗೆ ಉಬ್ಬಿತು.

ಬಾಯಿಂದ ರಬ್ಬರ್ ತೆಗೆಯದೆಯೇ ಅವನು ಬೆರಳೆತ್ತಿ ತಡೆ ಎಂದ. ಅವಳು ಮೊದಲಿನ ಹಾಗೆಯೇ ಮನಸ್ಸಿನಲ್ಲಿ ಹತ್ತು ಎಣಿಸಿದಳು.

“ಬಾ ಪುಟ್ಟಿ. ಇದನ್ನ ಅರ್ಧಕ್ಕೆ ಬಿಟ್ರೆ ಕೋಪ ಮಾಡ್ಕೊಂಡು ಬಿರಿದುಬಿಡತ್ತೆ. ಅಮ್ಮ ಹೇಗಿದಾಳೆ? ಮಂಡಿ?”

“ಪರವಾಗಿಲ್ಲ ತಾತ.” ಅವಳು ಕೂರಲಿಲ್ಲ. “ತಾತ, ಇವತ್ತು ನಾನು ಪುಟ್ಟಿಯಾಗಿ ಬಂದಿಲ್ಲ.”

“ತಲೆ ಮೇಲೆ ಟೋಪಿ ನೋಡಿದ್ರೆ ಗೊತ್ತಾಗಲ್ವಾ. ಕೇಳು, ಏನು ಬೇಕೋ.”

“ಗುರುವಾರ ಮಧ್ಯಾಹ್ನ ನೀವು ಮೇಲೆ ಹೋಗಿದ್ರಾ? ದೊಡ್ಡಕ್ಕನ ಲ್ಯಾಬಿಗೆ?”

“ಇಲ್ಲ.”

“ಚಿನ್ನದ ಬಿಲ್ಲೆ ಮುಟ್ಟಿದ್ರಾ?”

“ಅದನ್ನ ನಾನ್ಯಾಕೆ ಮುಟ್ಲಿ? ನನ್ನ ಕೆಲಸ ಗಾಜು.”

“ತಾತ.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಸುಳ್ಳು ಹೇಳ್ಬೇಡಿ. ಬೇರೆ ಯಾರು ಹೇಳಿದ್ರೂ ನಾನು ತಡ್ಕೋತೀನಿ. ಬಿಲ್ಲೆ ಅಂಚಲ್ಲಿ ಬರಿಗೈ ಬೆವರಿದೆ. ಬೆವರಿನ ಜೊತೆ ಅಮ್ಮನ ಮುಲಾಮು ಇದೆ. ಜೇನುಮೇಣ, ಲವಂಗ. ಅದನ್ನ ನಾನು ಕೊಟ್ಟಿರೋದು ನಿಮಗೊಬ್ಬರಿಗೇ. ಮೇಲೆ ಒಬ್ಬ ಹುಡುಗಿ ಕೂತಿದಾಳೆ, ನಿಮ್ಮ ಹತ್ರ ಮಗ್ಗಿ ಕಲಿತಾಗ ನಾನು ಎಷ್ಟು ಹೆದರ್ಕೊಂಡಿರ್ತಿದ್ನೋ ಅಷ್ಟೇ ಹೆದರಿದಾಳೆ. ಐದು ಗಂಟೆಗೆ ಅವಳನ್ನ ಕರ್ಕೊಂಡು ಹೋಗ್ತಾರೆ. ನೀವು ಹೇಳಿದ್ರೆ ಅವಳು ಉಳೀತಾಳೆ.”

ತಾತ ಜ್ವಾಲೆಯನ್ನು ಸಣ್ಣದು ಮಾಡಿದ. ಕನ್ನಡಕವನ್ನು ಹಣೆಗೇರಿಸಿದ. ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಲೆಕ್ಕ ತಪ್ಪಿದಾಗ ಹಾಗೆಯೇ ನೋಡುತ್ತಿದ್ದ.

ಆಮೇಲೆ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದ.

“ನೋಡು.”

ಅವಳು ನೋಡಿದಳು. ಬೇಸಿಗೆಯ ಕೆರೆಯಂಗಳದ ಹಾಗೆ ಒಡೆದ ಕೈ. ಹೆಬ್ಬೆರಳಿನ ಪಕ್ಕ ಕಪ್ಪುಗಟ್ಟಿದ ಬಿರುಕು. ತೋರುಬೆರಳ ತುದಿ ತೊಗಟೆಯಷ್ಟು ಒರಟು.

“ವರ್ಷದಿಂದ ಮುಲಾಮು ಹಚ್ಚಿದ ಕೈನಾ ಇದು?”



ತಾತ ಮೂಲೆಯ ಬೀರುವನ್ನು ತೆರೆದ. ನಡುವಿನ ಹಲಗೆಯ ಮೇಲೆ, ಮಾಪನದ ಗಾಜುಗಳ ಪಕ್ಕ, ಅಮ್ಮನ ಪುಟ್ಟ ತಗಡಿನ ಡಬ್ಬಿಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಮುಚ್ಚಳ ಜಾರದಿರಲೆಂದು ಅಮ್ಮ ಸುತ್ತುವ ಬಿಳಿ ದಾರ ಒಂದೊಂದರ ಮೇಲೂ ಹಾಗೆಯೇ ಇತ್ತು. ಒಂದನ್ನೂ ಬಿಚ್ಚಿರಲಿಲ್ಲ.

“ಎಣ್ಣೆಗೈ ಆದ್ರೆ ಗಾಜು ಹಿಡಿಯಕ್ಕೆ ಬರಲ್ಲ ಪುಟ್ಟಿ. ಬೆಸುಗೆ ಜಾಗಕ್ಕೆ ಒಂದು ಕಾಳಷ್ಟು ಮೇಣ ತಾಗಿದ್ರೂ ಸುಟ್ಟು ಕೂತ್ಕೊಳ್ಳತ್ತೆ. ಆಮೇಲೆ ಅಲ್ಲಿಂದ ಗಾಳಿ ಸೋರತ್ತೆ. ದೊಡ್ಡಕ್ಕನ ಡಬ್ಬಕ್ಕೆ ಹೋಗೋ ಗಾಜು ಇದು. ಐವತ್ತು ವರ್ಷದಿಂದ ನಾನು ಕೈಗೆ ಸೋಪು ಬಿಟ್ಟು ಇನ್ನೇನೂ ಹಚ್ಚಿಲ್ಲ.” ಅವನು ಸ್ವಲ್ಪ ನಾಚಿಕೊಂಡ. “ಮೊದಲ ಸಲ ತಂದುಕೊಟ್ಯಲ್ಲ, ಆಗಲೇ ಹೇಳ್ಬೇಕಿತ್ತು. ಮಂಡಿನೋವು ಇಟ್ಕೊಂಡು ಒಲೆ ಮುಂದೆ ನಿಂತು ಕಾಸಿದಾಳೆ, ನೀನು ಇಷ್ಟು ಕೆಲಸದ ಮಧ್ಯೆ ಹೊತ್ಕೊಂಡು ಬಂದಿದೀಯ. ಬೇಡ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಸಂಜೆ ಬಾಗಿಲು ಹಾಕೋ ಮುಂಚೆ ಒಂದು ಸಲ ಬೀರು ತೆಗೆದು ನೋಡ್ತೀನಿ. ನೋಡಿದ್ರೇ ಕೈ ವಾಸಿಯಾದಂಗಿರತ್ತೆ. ಅಮ್ಮನಿಗೆ ಹೇಳ್ಬೇಡ, ಆಯ್ತಾ?”

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ತಾನು ಮಗ್ಗಿ ಕಲಿತ ಅದೇ ಮೊಂಡುಕಾಲಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳುವೂ ಬಂತು, ನಗುವೂ ಬಂತು. ಆ ಒಡೆದ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಅನುಮಾನ ಪಟ್ಟದ್ದಕ್ಕೆ ಕ್ಷಮೆ ಕೇಳಬೇಕೋ, ಅದು ಸುಳ್ಳಾದದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯಲಿಲ್ಲ.

“ಏಳೇ, ಯೂನಿಫಾರ್ಮ್ ಹಾಕ್ಕೊಂಡು ಅಳಬಾರದು. ಸರ್ಕಾರದ ಬಟ್ಟೆ ಒದ್ದೆಯಾಗತ್ತೆ,” ಎಂದ ತಾತ. ಅವನ ಕಣ್ಣೂ ಒದ್ದೆಯಾಗಿತ್ತು.

ಅವಳು ಮುಖ ಒರೆಸಿಕೊಂಡು ಎದ್ದಳು. ಬೀರು ಮುಚ್ಚಲು ಹೋದವಳ ಕಣ್ಣು, ಅಭ್ಯಾಸಬಲದಿಂದ, ಡಬ್ಬಿಗಳನ್ನು ಎಣಿಸಿತು.

ಇನ್ನೊಮ್ಮೆ ಎಣಿಸಿತು.

“ತಾತ. ತಿಂಗಳಿಗೊಂದು ಅಂದ್ರೆ ಹನ್ನೆರಡು ತಂದಿದೀನಿ. ಇಲ್ಲಿ ಹನ್ನೊಂದಿದೆ.”

“ಹೂಂ. ಒಂದು ಕೊಟ್ಟೆ.”

“ಯಾರಿಗೆ?”

“ಇನ್ಯಾರಿಗೆ, ನಿನ್ನವರಿಗೇ. ಪಾಪ, ಕೈಯೆಲ್ಲ ನನ್ನ ಹಾಗೇ ಒಡೆದುಹೋಗಿತ್ತು. ಸ್ಟಿಯರಿಂಗ್ ಹಿಡಿದು ಹಿಡಿದು ಹೀಗಾಯ್ತು ಅಂದ. ನಿನ್ನ ಜೊತೆ ಕೆಲಸ ಮಾಡೋನು ಅಂತ ಹೇಳಿದ್ಮೇಲೆ ಬರಿಗೈಲಿ ಕಳಿಸೋದು ಹೇಗೆ? ನಿನ್ನ ಎಷ್ಟು ಹೊಗಳಿದ ಗೊತ್ತಾ!”

ಅವಳ ಜೊತೆ ಸ್ಟಿಯರಿಂಗ್ ಹಿಡಿಯುವವನು ದಫೇದಾರ ಒಬ್ಬನೇ. ಆದರೂ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಶುಕ್ರವಾರ ಹುಡುಕಾಟಕ್ಕೆ ಬಂದಾಗ ಇಲ್ಲಿ ಇಳಿದಿರಬೇಕು. ಶುಕ್ರವಾರ ಎಲ್ಲರೂ ಎಲ್ಲ ಕಡೆ ಓಡಾಡುತ್ತಿದ್ದರು.

“ಶುಕ್ರವಾರ ಬಂದಿದ್ರು, ಅಲ್ವಾ ತಾತ?”

“ಯಾವ ಶುಕ್ರವಾರ? ಹೋದ ಮಂಗಳವಾರ.”

“ಮಂಗಳವಾರ ಅಲ್ಲ. ಸರಿಯಾಗಿ ನೆನಪು ಮಾಡ್ಕೊಳ್ಳಿ. ದಫೇದಾರ್ರು ಈ ಕಟ್ಟಡಕ್ಕೆ ಮೊದಲು ಕಾಲಿಟ್ಟಿದ್ದೇ ಗುರುವಾರ, ನನ್ನ ಜೊತೆ, ದೊಡ್ಡಕ್ಕ ಬಿದ್ದ ಮೇಲೆ.”

ತಾತ ಗೋಡೆಯ ಕಡೆ ಬೆರಳು ತೋರಿಸಿದ. ಸಿಲಿಂಡರ್ ಬದಲಾಯಿಸಿದ ದಿನಗಳನ್ನು ಸೀಮೆಸುಣ್ಣದಲ್ಲಿ ಬರೆಯುವುದು ಅವನ ಪದ್ಧತಿ. ಕೊನೆಯ ಸಾಲು: ಮಂಗಳವಾರ, ಬೆಳಿಗ್ಗೆ ಹನ್ನೊಂದು.

“ನಾನು ಸಿಲಿಂಡರ್ ಬಿಚ್ತಿದ್ದೆ. ಅವನೇ ಒಂದು ಕೈ ಹಿಡಿದ. ಮಾಮೂಲಿ ಪ್ಯಾಂಟು ಶರಟಲ್ಲಿದ್ದ. ಒಳ್ಳೆ ಮನುಷ್ಯ, ಮಾತೂ ನಗು ಬರೋ ಹಾಗೆ.” ಹೇಳುತ್ತ ಹೇಳುತ್ತ ತಾತನ ದನಿ ಇಳಿಯಿತು. “ಈ ಕಿಟಕೀಲೇ ನಿಂತು ಕೇಳಿದ. ಅಲ್ಲಿ ಮೇಲೆ ಬಾಗಿಲ ಮೇಲೆ ಹಸಿರು ದೀಪ ಉರೀತಿದೆಯಲ್ಲ, ಅದೇನು, ಸ್ವಿಚ್ ಎಲ್ಲಿದೆ ಅಂತ. ಎಚ್ಚರಿಕೆ ಗಂಟೇದು, ಸ್ವಿಚ್ ಬಾಗಿಲ ಹೊರಗೇ ಇದೆ ಅಂತ ಹೇಳಿದೆ. ತಪಾಸಣೆಗೆ ನೀನೇ ಕಳಿಸಿದೀಯ ಅಂದ್ಕೊಂಡೆ. ನೀನು... ಕಳಿಸಿರ್ಲಿಲ್ವಾ?”

ನುಣ್ಣಗಾದ ಕೈ. ಜೇಬಿಗಿಳಿದು ಮೇಲೆ ಬಾರದ ಕೈ. ವಿಡಿಯೊ ಇದ್ದದ್ದು ಅದೇ ಕೈಯಲ್ಲಿ. ಬಿಲ್ಲೆಯನ್ನೂ ಹುಡುಗಿಯನ್ನೂ ಅವಳೇ ಒಪ್ಪಿಸಿ ಬಂದದ್ದು ಅದೇ ಕೈಗೆ. ಇನ್‌ಸ್ಪೆಕ್ಟರಿನ ಬಾಯಲ್ಲಿ ಬೆಳಗಿನ ಟೀಯ ರುಚಿ ಕಹಿಯಾಗಿ ಎದ್ದು ಬಂತು.

ಅವಳು ಮೊಬೈಲ್ ತೆಗೆದಳು. ಎರಡನೇ ರಿಂಗಿಗೇ ಅವನು ಎತ್ತಿದ.

“ಹೇಳಿ ಮೇಡಂ,” ಎಂದ ದಫೇದಾರ, ಹನ್ನೊಂದು ವರ್ಷದಿಂದ ಹೇಳುತ್ತಿದ್ದ ಅದೇ ಬೆಚ್ಚನೆಯ ದನಿಯಲ್ಲಿ.

“ಗುಬ್ಬಚ್ಚಿಗೆ ಫೋನ್ ಕೊಡಿ.”

“ಇಲ್ಲೇ ಪಕ್ಕದ ಕೋಣೆಗೆ ಹೋದ್ಲಲ್ಲ ಮೇಡಂ. ನೈಟ್ರೋಜನ್ ತುಂಬಕ್ಕೆ. ಗಂಟೆ ಮೂರಾಯ್ತಲ್ವಾ?”

ಅವಳು ತಲೆಯೆತ್ತಿ ತಾತನ ಹೆಗಲ ಮೇಲಿಂದ ಕಿಟಕಿಯಾಚೆ ನೋಡಿದಳು. ಅಂಗಳದ ಆಚೆ, ಮೊದಲ ಮಹಡಿಯ ಕಾರಿಡಾರಿನಲ್ಲಿ, ಮುಚ್ಚಿದ ಬಾಗಿಲ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಅವಳು ನೋಡುತ್ತಿದ್ದಂತೆಯೇ ಅದು ಆರಿತು.